ದೋಗೊ ಒನ್ಸೆನ್‌ಗೆ ಬೆಳಗ್ಗೆ 6ಕ್ಕೇ ಹೋಗಿ

ಜಪಾನಿನ ಮಾತ್ಸುಯಾಮಾಗೆ ಹೋಗುವವರು ದೋಗೊ ಒನ್ಸೆನ್ ಎಂಬ ಬಿಸಿನೀರಿನ ಬುಗ್ಗೆಯ ಹಳೇ ಸ್ನಾನಗೃಹಕ್ಕೆ (1894ರ ಮರದ ಕಟ್ಟಡ) ಸಂಜೆ ಹೋಗಬೇಡಿ. ಹಿಂದಿನ ರಾತ್ರಿ ಹತ್ತಿರದಲ್ಲೇ ಉಳಿದು, ಬೆಳಗ್ಗೆ 6ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಸಂಜೆ ಸುತ್ತಲಿನ ಹೋಟೆಲ್‌ಗಳ ಅತಿಥಿಗಳೆಲ್ಲ ಒಟ್ಟಿಗೆ ಬರುತ್ತಾರೆ, ಕೊಳದಲ್ಲಿ ಕಾಲು ಚಾಚಲೂ ಜಾಗ ಇರಲ್ಲ. ಬೆಳಗ್ಗೆ ಆ ಗಲಾಟೆ ಕಡಿಮೆ. ಜೊತೆಗೆ ಮೇಲಿನ ಪುಟ್ಟ ಗೋಪುರದಿಂದ 6ಕ್ಕೆ ಸರಿಯಾಗಿ ಡೋಲು ಬಾರಿಸುತ್ತಾರೆ. ಮಬ್ಬುಬೆಳಕಿನಲ್ಲಿ ಅದನ್ನು ಕೇಳುವುದಕ್ಕೇ ಎದ್ದರೂ ನಷ್ಟವಿಲ್ಲ ಬಿಡಿ. ಒಂದು ಚಿಕ್ಕ ಟವೆಲ್, ಸೋಪು ಕೈಯಲ್ಲಿರಲಿ. ಕುಳಿತು ಮೈ ತೊಳೆದುಕೊಂಡ ಮೇಲೇ ನೀರಿಗಿಳಿಯಬೇಕು. ಟವೆಲ್ ನೀರಿಗೆ ತಾಗಿಸಬಾರದು, ಮಡಚಿ ತಲೆ ಮೇಲಿಟ್ಟುಕೊಳ್ಳಿ. ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೊಳ. ನೀರು ಸುಮಾರು 42 ಡಿಗ್ರಿ. ನಮ್ಮ ಹಂಡೆ ನೀರಿನ ಅಭ್ಯಾಸ ಇದ್ದವರಿಗೂ ಕುತ್ತಿಗೆವರೆಗೆ ಮುಳುಗಿದರೆ ಜಾಸ್ತಿ ಅನಿಸುತ್ತೆ, ಐದು ನಿಮಿಷಕ್ಕೊಮ್ಮೆ ಎದ್ದು ಕೂತುಕೊಳ್ಳಿ. ಶನಿವಾರ, ಭಾನುವಾರ, ರಜಾದಿನಗಳಲ್ಲಿ ಮಾತ್ರ ಈ ಉಪಾಯ ಅಷ್ಟಾಗಿ ನಡೆಯಲ್ಲ. ಮೊದಲ ಸ್ನಾನ ತಮ್ಮದೇ ಆಗಬೇಕೆಂದು ಜನ 6ಕ್ಕೆ ಮುಂಚೆಯೇ ಸಾಲು ನಿಂತಿರುತ್ತಾರೆ. ಪೇಟೆಯ ಅಂಗಡಿಗಳೂ ಆ ಹೊತ್ತಿಗೆ ತೆರೆದಿರಲ್ಲ, ಹೊಟ್ಟೆಗೆ ಏನಾದರೂ ಹಿಂದಿನ ರಾತ್ರಿಯೇ ತಂದಿಟ್ಟುಕೊಳ್ಳಿ.