ಮಾಸಿದ ಮೀನಿಗೆ ಮತ್ತೆ ಕೇಸರಿ ಬಣ್ಣ

ಧಾರವಾಡದ ನಮ್ಮ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇದೆ. ಅದರಲ್ಲಿ ಎರಡು ಕ್ಲೌನ್ ಮೀನು. ಹೋದ ವರ್ಷ ಅವುಗಳ ಕೇಸರಿ ಮಾಸಿ ಹಳದಿಯಾಯಿತು. ತುಂಬಾ ಬೇಜಾರಾಯಿತು. ನೀರು, ಬೆಳಕು ಸರಿ ಇತ್ತು. ಕೊರತೆ ಇದ್ದದ್ದು ಊಟದಲ್ಲಿ.

ಕೇಸರಿ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಲಾರದು. ಸಮುದ್ರದಲ್ಲಿ ಅದು ಪಾಚಿಯ ಕೆಲಸ. ಪಾಚಿ ತಿಂದ ಸಿಗಡಿಯಂಥ ಜೀವಿಗಳು ಅದನ್ನು ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣದ ವಸ್ತುವಾಗಿ ಮಾಡಿಕೊಳ್ಳುತ್ತವೆ. ಅವನ್ನು ತಿಂದ ಮೀನು ಆ ಬಣ್ಣವನ್ನು ಚರ್ಮದಲ್ಲಿ ಕೂಡಿಡುತ್ತದೆ.

ಹಾಗಾಗಿ ಹುಬ್ಬಳ್ಳಿ ಮಾರ್ಕೆಟ್‌ನಿಂದ ತಾಜಾ ಸಿಗಡಿ ತನ್ನಿ. ಸಿಪ್ಪೆ ಎಸೆಯಬೇಡಿ, ಬಣ್ಣ ಜಾಸ್ತಿ ಇರುವುದೇ ಅಲ್ಲಿ. ಉಪ್ಪು, ಅರಿಶಿನ ಹಾಕದೆ 2 ನಿಮಿಷ ಕುದಿಸಿ. ಬೂದು ಸಿಗಡಿ ಕೆಂಪಾಗುವುದನ್ನು ನೋಡಿದ್ದೀರಿ ಅಲ್ವಾ? ಬಣ್ಣವನ್ನು ಹಿಡಿದಿಟ್ಟಿದ್ದ ಪ್ರೋಟೀನ್ ಬಿಸಿಗೆ ಕೈ ಬಿಡುತ್ತದೆ. ಕೆಂಪು ಮೊದಲೇ ಒಳಗಿತ್ತು! ಸಿಪ್ಪೆ ಸಮೇತ ನುಣ್ಣಗೆ ರುಬ್ಬಿ. ಚಿಟಿಕೆ ಸ್ಪಿರುಲಿನಾ (ನೀಲಿ-ಹಸಿರು ಪಾಚಿ) ಪುಡಿ ಬೆರೆಸಿ ಫ್ರೀಜರ್‌ನಲ್ಲಿಡಿ. ದಿನಕ್ಕೆ ಒಂದು ಮೀನಿಗೆ ಜೋಳದ ಕಾಳಿನಷ್ಟು ಸಾಕು. ಉಳಿದದ್ದನ್ನು ಕೂಡಲೇ ತೆಗೆಯಿರಿ, ಇಲ್ಲವಾದರೆ ನೀರು ಕೆಡುತ್ತದೆ.

ನಮ್ಮ ಮೀನುಗಳಿಗೆ 6 ವಾರ ಬೇಕಾಯಿತು. ನೀಲಿ ಮೀನಿಗೆ ಇದರಿಂದ ನೀಲಿ ಹೆಚ್ಚದು. ಆ ಬಣ್ಣ ಹೆಚ್ಚಾಗಿ ಚರ್ಮದ ಸಣ್ಣ ಹರಳುಗಳ ಮೇಲೆ ಬೆಳಕು ಬಿದ್ದು ಹುಟ್ಟುವಂಥದ್ದು.