ಕ್ರಾಕೋವ್ ಶೋಪ್ಕಾ: ಬೇಗಡೆಗೂ ಮುಂಚಿನ ಕೆಲಸ

ಪೋಲೆಂಡಿನ ಕ್ರಾಕೋವ್‌ನಲ್ಲಿ ಕ್ರಿಸ್‌ಮಸ್‌ಗೆ ಯೇಸುವಿನ ಜನನ ತೋರಿಸಲು ಮಾಡುವ ಗೋದಲಿಗೆ ಶೋಪ್ಕಾ ಎಂದು ಹೆಸರು. ಅರ್ಥ ಪುಟ್ಟ ಕೊಟ್ಟಿಗೆ, ಕಾಣುವುದು ಮಾತ್ರ ಬೇಗಡೆ ಹೊದ್ದು ಥಳಥಳಿಸುವ ಅರಮನೆ: ಸೇಂಟ್ ಮೇರಿ ಚರ್ಚಿನ ಎತ್ತರ ತಗ್ಗಿನ ಜೋಡಿ ಗೋಪುರ, ವಾವೆಲ್ ಬೆಟ್ಟದ ಸಿಗಿಸ್ಮಂಡ್ ಚಾಪೆಲ್ಲಿನ ಚಿನ್ನದ ಗುಮ್ಮಟ. 19ನೇ ಶತಮಾನದಲ್ಲಿ ಚಳಿಗಾಲಕ್ಕೆ ಕೆಲಸ ನಿಂತ ಗಾರೆಯವರು ಬೆಳೆಸಿದ ಕಲೆ ಇದು. ಹಾಗಾಗಿ ನಾನೂ ಮನೆ ಕಟ್ಟಿದ ಹಾಗೇ ತಳದಿಂದ ಶುರು ಮಾಡುತ್ತೇನೆ.

60 ಸೆಂ.ಮೀ. ಎತ್ತರದ್ದಕ್ಕೆ ಪ್ಲೈವುಡ್ ತಳ, 2 ಮಿ.ಮೀ. ರಟ್ಟು ಸಾಕು. ಎಂಟು ಮೂಲೆಯ ಗೋಪುರಕ್ಕೆ ಒಂದೊಂದು ಮುಖ 2.5 ಸೆಂ.ಮೀ.; ಅಂಟಿಗೆ ಒಂದು ಸೆಂ.ಮೀ. ಸೇರಿಸಿ 21 ಸೆಂ.ಮೀ. ಅಗಲದ ಪಟ್ಟಿ ಬೇಕು. ಮಡಿಕೆಯ ಗೆರೆಗಳನ್ನು ಅರ್ಧ ದಪ್ಪಕ್ಕಷ್ಟೇ ಕೊರೆಯಬೇಕು. ಅಗಲವಾದ ಗೋಡೆಗಳಿಗೆ ಒಂದೇ ಬದಿ ಕಾಗದ ಅಂಟಿಸಿದರೆ ಒಣಗುವಾಗ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಳಬದಿಗೂ ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಬಿಡುತ್ತೇನೆ.

ಕಿಟಕಿ ಕತ್ತರಿಸಿ ಹಿಂದಿನಿಂದ ಬಣ್ಣದ ಪಾರದರ್ಶಕ ಹಾಳೆ ಅಂಟಿಸುವುದು, ದೀಪದ ತಂತಿ ಎಳೆಯುವುದು, ಎರಡೂ ಬೇಗಡೆಗೆ ಮುಂಚೆಯೇ ಆಗಬೇಕು. ಆಮೇಲೆ ತೂತು ಕೊರೆದರೆ ಬೇಗಡೆ ಹರಿಯುತ್ತದೆ, ತೇಪೆ ಎದ್ದು ಕಾಣುತ್ತದೆ. ಹಿಂಬದಿಯ ಗೋಡೆ ಬಿಚ್ಚುವಂತಿರಲಿ, ಬಲ್ಬು ಕೆಟ್ಟೇ ಕೆಡುತ್ತದೆ.

ಚಾಕೊಲೇಟಿನ ಬೇಗಡೆಯನ್ನು ಮೆತ್ತನೆ ಬಟ್ಟೆಯ ಮೇಲೆ ಹರಡಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿದರೆ ಸುಕ್ಕು ಹೋಗುತ್ತದೆ. ಅಂಟನ್ನು ರಟ್ಟಿಗೆ ತೆಳ್ಳಗೆ ಸವರಬೇಕು. ದಪ್ಪವಾದರೆ ಬೇಗಡೆಯ ಕೆಳಗೆ ಗಂಟು ಕಟ್ಟುತ್ತದೆ.

ತಾಳ್ಮೆ ಕೇಳುವುದು ಗುಮ್ಮಟ. ಉಂಡೆಯ ಮೈಗೆ ಒಂದೇ ಹಾಳೆ ಸುಕ್ಕಿಲ್ಲದೆ ಕೂರುವುದೇ ಇಲ್ಲ. 8 ಸೆಂ.ಮೀ. ವ್ಯಾಸದ ಅರ್ಧ ಥರ್ಮಾಕೋಲ್ ಚೆಂಡಿಗೆ ಒಂದು ಸೆಂ.ಮೀ. ಅಗಲದ ಚಿನ್ನದ ಬಣ್ಣದ ಚೂರುಗಳನ್ನು ಮೀನಿನ ಹುರುಪೆಯಂತೆ ಕೆಳಗಿನಿಂದ ಮೇಲಕ್ಕೆ ಹೊದಿಸುತ್ತೇನೆ. ಕೆಳಸಾಲಿಗೇ 25 ಬೇಕು; ಮೇಲಿನ ಸಾಲು ಕೆಳಗಿನದರ ಸಂದು ಮುಚ್ಚಬೇಕು. ನೀರಿನಲ್ಲಿ ಕರಗುವ ಬಿಳಿ ಅಂಟೇ ಆಗಬೇಕು, ಚಪ್ಪಲಿ ಅಂಟು ಥರ್ಮಾಕೋಲನ್ನೇ ತಿಂದುಹಾಕುತ್ತದೆ.

ಬಾಲಯೇಸು, ಮರಿಯ, ಯೋಸೇಫರು ಸಾಮಾನ್ಯವಾಗಿ ಮಹಡಿಯಲ್ಲಿ. ಕೆಳಗೆ ಊರಿನ ಕುದುರೆ ವೇಷದ ಸವಾರ ಲಾಯ್ಕೋನಿಕ್, ದಂತಕಥೆಯ ವಾವೆಲ್ ಡ್ರ್ಯಾಗನ್. ಊರಿನವರಿಲ್ಲದಿದ್ದರೆ ಅದು ಕ್ರಾಕೋವಿನ ಗೋದಲಿಯೇ ಅಲ್ಲ ಎಂದು ನನ್ನ ಭಾವನೆ.

1937ರಲ್ಲಿ ಶುರುವಾದ ಸ್ಪರ್ಧೆಗೆ ಡಿಸೆಂಬರಿನ ಮೊದಲ ಗುರುವಾರ ಇವನ್ನೆಲ್ಲ ಮುಖ್ಯ ಚೌಕದ ಕವಿ ಮಿತ್ಸ್ಕೇವಿಚ್ ಸ್ಮಾರಕದ ಬಳಿ ಬಯಲಲ್ಲೇ ಇಡುತ್ತಾರೆ. ಹಿಮದ ತೇವಕ್ಕೆ ಮೊದಲು ಬಿಡುವುದು ಮೂಲೆಯ ಬೇಗಡೆ. ಅದಕ್ಕೇ ಪ್ರತಿ ಅಂಚನ್ನೂ 5 ಮಿ.ಮೀ. ಹಿಂದಕ್ಕೆ ಮಡಚಿ ಅಂಟಿಸಿರುತ್ತೇನೆ.