ಕೊಪ್ಪಳದಿಂದ ಮುರ್ಡೇಶ್ವರಕ್ಕೆ ರೈಲಿನಲ್ಲಿ: ಕೊಂಕಣ ಮಾರ್ಗ ಹಿಡಿಯುವ ಬಗೆ

ಮಗಳನ್ನು ಮುರ್ಡೇಶ್ವರದ ಕಡೆ ಕೊಟ್ಟು ಆರು ವರ್ಷವಾಯಿತು. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ವರ್ಷಕ್ಕೆ ಎರಡು ಸಲವಾದರೂ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ಮೊದಲೆರಡು ಸಲ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಬಸ್ಸಿನಲ್ಲಿ ಹೋದೆವು. ಅರಬೈಲು ಘಟ್ಟ ಇಳಿಯುವ ಹೊತ್ತಿಗೆ ಅವ್ವನ ಮೊಣಕಾಲು ಮರಗಟ್ಟಿತ್ತು. ಅಂದಿನಿಂದ ಗೋವಾ ಸುತ್ತಿಕೊಂಡು ರೈಲಿನಲ್ಲೇ ಹೋಗುತ್ತಿದ್ದೇವೆ. ದಾರಿ ಉದ್ದ, ನಿಜ. ಆದರೆ ಕಾಲು ಚಾಚಿ ಕೂರಬಹುದು, ಎದ್ದು ಓಡಾಡಬಹುದು. ನಮ್ಮ ಭಾಗದ ಅನೇಕರು ‘ಕರಾವಳಿಗೆ ರೈಲೆಲ್ಲಿದೆ’ ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಪ್ರಯಾಣದಲ್ಲಿ ಎರಡು ಬೇರೆ ಬೇರೆ ಮಾರ್ಗಗಳಿವೆ. ಕೊಪ್ಪಳದಿಂದ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮಡಗಾಂವ್‌ವರೆಗೆ ಹಳೆಯ ಮಾರ್ಗ. ಸದರ್ನ್ ಮರಾಠಾ ರೈಲ್ವೆ ಕಂಪನಿ ಬ್ರಿಟಿಷರ ಸೀಮೆಯಲ್ಲಿ ಹಾಕಿದ ಹಳಿ, ಪೋರ್ಚುಗೀಸರ ಗೋವಾದ ಮುರ್ಮುಗಾಂವ್ ಬಂದರಿನಿಂದ ಮೇಲೇರಿ ಬಂದ ಹಳಿಗೆ 1880ರ ದಶಕದಲ್ಲಿ ಘಟ್ಟದ ಮೇಲೆ ಕೂಡಿಕೊಂಡಿತು. ಅಂದರೆ ನಮ್ಮ ಬಯಲುಸೀಮೆಗೆ ಸಮುದ್ರದ ನಂಟು ಬೆಳೆದು ನೂರು ವರ್ಷದ ಮೇಲಾಗಿದೆ. ಇಂದಿಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಈ ಹಳಿಯ ಮೇಲೆಯೇ ಬರುತ್ತದೆ.

ಮಡಗಾಂವ್‌ನಿಂದ ದಕ್ಷಿಣಕ್ಕೆ ಹೋಗುವುದು ಕೊಂಕಣ ಮಾರ್ಗ, ನಮ್ಮ ಕಾಲದ್ದು. 1990ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರು. ಕೇಂದ್ರದ ಜೊತೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳೂ ಬಂಡವಾಳ ಹಾಕಿದವು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರುವರೆಗೆ ಸುಮಾರು 740 ಕಿಲೋಮೀಟರ್, 91 ಸುರಂಗ, ಸಾವಿರಕ್ಕೂ ಹೆಚ್ಚು ಸೇತುವೆ. ಉಡುಪಿ ಕಡೆಯ ತುಂಡು 1993ರಲ್ಲೇ ತೆರೆಯಿತು, ಇಡೀ ಮಾರ್ಗ 1998ರಲ್ಲಿ. ಅದಕ್ಕೆ ಮುಂಚೆ ಕಾರವಾರ, ಕುಮಟಾ, ಭಟ್ಕಳದವರು ರೈಲು ಹತ್ತಲು ಬೇರೆ ಊರಿಗೆ ಹೋಗಬೇಕಿತ್ತು. ನಮ್ಮ ಬೀಗರು ಆ ದಿನಗಳನ್ನು ನೆನೆಸಿಕೊಂಡು ಮಾತನಾಡುವಾಗ ಈ ಹಳಿಯ ಮೇಲೆ ಅವರಿಗಿರುವ ಪ್ರೀತಿ ಕೇಳಿಸುತ್ತದೆ.

ಇನ್ನು ಟಿಕೆಟ್. ಹೌರಾ ಕಡೆಯಿಂದ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಗುಂತಕಲ್, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಹಾದು ಮಡಗಾಂವ್‌ಗೆ ಹೋಗುತ್ತದೆ. ದಿನವೂ ಇಲ್ಲ, ವಾರದ ದಿನಗಳನ್ನು ನೋಡಿಕೊಂಡು ಹೊರಡಬೇಕು. ರಾಯಚೂರಿನವರು ಗುಂತಕಲ್‌ನಲ್ಲಿ ಹಿಡಿಯಬಹುದು. ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಮಡಗಾಂವ್‌ವರೆಗೆ ಒಂದು, ಅಲ್ಲಿಂದ ಮುಂದೆ ಇನ್ನೊಂದು, ಹೀಗೆ ಎರಡು ಟಿಕೆಟ್ ಆಗುತ್ತದೆ. ಎರಡೂ ಕಾಯ್ದಿರಿಸಿದ ಟಿಕೆಟ್‌ಗಳಾಗಿದ್ದರೆ ಅವುಗಳ ಪಿಎನ್‌ಆರ್ ಜೋಡಿಸಿಕೊಳ್ಳಿ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ಹಿಂದಿರುಗಿಸುವ ಸೌಲಭ್ಯ 2019ರಿಂದ ಇದೆ. ಎರಡು ಟಿಕೆಟ್‌ಗಳಲ್ಲೂ ಹೆಸರು ಒಂದೇ ರೀತಿ ಇರಬೇಕು. ಅವ್ವನ ಆಧಾರ್‌ನಲ್ಲಿ ಇರುವಂತೆಯೇ ನಾನು ಎರಡರಲ್ಲೂ ಬರೆಯುತ್ತೇನೆ.

ಮಳೆಗಾಲದ ವಿಷಯವನ್ನು ಮಾತ್ರ ಮನಸ್ಸಿಟ್ಟು ಓದಿ. ಕೊಂಕಣ ಮಾರ್ಗಕ್ಕೆ ವರ್ಷಕ್ಕೆ ಎರಡು ವೇಳಾಪಟ್ಟಿ. ಜೂನ್‌ನಲ್ಲಿ ಮಳೆಗಾಲದ್ದು ಜಾರಿಗೆ ಬಂದು ಅಕ್ಟೋಬರ್‌ವರೆಗೆ ಇರುತ್ತದೆ. ಆಗ ರೈಲುಗಳ ವೇಗ ತಗ್ಗುತ್ತದೆ, ಹೊರಡುವ ವೇಳೆಯೂ ಬದಲಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಒಂದು ಜುಲೈಯಲ್ಲಿ, ಬೇಸಿಗೆಯಲ್ಲಿ ಬರೆದಿಟ್ಟುಕೊಂಡ ವೇಳೆಯನ್ನೇ ನಂಬಿ ಮಡಗಾಂವ್‌ನಲ್ಲಿ ಇಳಿದೆ. ನಮ್ಮ ರೈಲು ಹೋಗಿ ಅರ್ಧ ಗಂಟೆಯಾಗಿತ್ತು. ಆ ರಾತ್ರಿ ಅವ್ವ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸೆರಗು ಹೊದ್ದು ಮಲಗಿದ್ದು ಈಗಲೂ ಕಣ್ಣ ಮುಂದಿದೆ. ಅಂದಿನಿಂದ ಹೊರಡುವ ಹಿಂದಿನ ದಿನ ರೈಲ್ವೆ ವಿಚಾರಣೆಯ 139ಕ್ಕೆ ಕರೆ ಮಾಡದೆ ನಾನು ಚೀಲ ಕಟ್ಟುವುದಿಲ್ಲ.

ವೇಗ ತಗ್ಗಿಸುವುದಕ್ಕೆ ಬಲವಾದ ಕಾರಣವಿದೆ. ಗುಡ್ಡಗಳನ್ನು ಕಡಿದು ಹಾಕಿದ ಹಳಿ ಅದು, ಮಳೆಯಲ್ಲಿ ಮಣ್ಣು, ಬಂಡೆ ಜಾರುತ್ತವೆ. 2003 ಮತ್ತು 2004ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರದ ಭಾಗದಲ್ಲಿ ಹಾಗೆಯೇ ಎರಡು ದೊಡ್ಡ ಅಪಘಾತಗಳಾಗಿ ಜನ ಸತ್ತರು. ಈಗ ಮಳೆಗಾಲದಲ್ಲಿ ಕಾವಲುಗಾರರು ಹಳಿಗುಂಟ ನಡೆದು ನೋಡುತ್ತಾರೆ. ದೊಡ್ಡ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರಗಳಿವೆ. ಮಳೆಗೆ ಮುಂದಿನದು ಕಾಣದಂತಾದರೆ ಗಂಟೆಗೆ 40 ಕಿಲೋಮೀಟರ್‌ಗೆ ಇಳಿಸಬೇಕೆಂದು ಚಾಲಕರಿಗೆ ಸೂಚನೆ ಇರುತ್ತದೆ. ಆದ್ದರಿಂದ ರೈಲು ನಿಂತಿತೆಂದು ಸಿಡಿಮಿಡಿಗೊಳ್ಳಬೇಡಿ. ಬಿಸಿಲುಕಾಲದಲ್ಲೂ ನಿಲ್ಲುತ್ತದೆ. ಬಹುಪಾಲು ಒಂಟಿ ಹಳಿ, ಎದುರಿನದು ದಾಟಿದ ಮೇಲೆಯೇ ನಮಗೆ ದಾರಿ. ಮಡಗಾಂವ್‌ನಲ್ಲಿ ಎರಡು ರೈಲುಗಳ ನಡುವೆ ಕನಿಷ್ಠ ಮೂರು ಗಂಟೆ ಬಿಡಿ ಎಂದು ನಾನು ಹೇಳುವುದು ಇದಕ್ಕೇ.

ಊಟ ಮನೆಯಿಂದಲೇ ಒಯ್ಯಿರಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ದಿನವಾದರೂ ಕೆಡುವುದಿಲ್ಲ.

ಕ್ಯಾಸಲ್‌ರಾಕ್‌ನಿಂದ ಕುಲೆಂವರೆಗಿನ ಘಟ್ಟವನ್ನು ನಿದ್ದೆಯಲ್ಲಿ ಕಳೆಯಬೇಡಿ. 37 ಅಡಿ ಸಾಗಿದರೆ ಒಂದಡಿ ಇಳಿಯುವಷ್ಟು ಕಡಿದಾದ ಹಾದಿ, ರೈಲು ತುಂಬಾ ನಿಧಾನವಾಗಿ ಇಳಿಯುತ್ತದೆ. ದೂಧ್‌ಸಾಗರ ಜಲಪಾತದ ಎದುರಿನ ಸೇತುವೆಯ ಮೇಲೆ ಹೋಗುವಾಗ ನೀರಿನ ಹನಿ ಕಿಟಕಿಯೊಳಗೆ ಬಂದು ಅವ್ವನ ಕನ್ನಡಕದ ಮೇಲೆ ಕೂತಿತ್ತು. ಒರೆಸಿಕೊಳ್ಳದೆ ಹಾಗೆಯೇ ನೋಡುತ್ತಾ ಕುಳಿತಳು. ಅಲ್ಲಿ ಹಳಿಗೆ ಇಳಿಯುವ ಹುಡುಗರನ್ನು ಕಂಡು ನೀವೂ ಇಳಿಯಬೇಡಿ. ಅದು ಅಪರಾಧ, ಜೀವಕ್ಕೂ ಅಪಾಯ.

ಮಡಗಾಂವ್‌ನಿಂದ ಮಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲು ಸಣ್ಣ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಮುಂಬೈ ಕಡೆಯಿಂದ ಬರುವ ಮತ್ಸ್ಯಗಂಧ, ನೇತ್ರಾವತಿ ಬೇಗ ಮುಟ್ಟಿಸುತ್ತವೆ, ನೀವು ಇಳಿಯುವ ಊರಿನಲ್ಲಿ ನಿಲುಗಡೆ ಇದೆಯೇ ಎಂದು ನೋಡಿಕೊಳ್ಳಿ. ದಾರಿಯುದ್ದಕ್ಕೂ ಸಮುದ್ರ ಕಾಣುತ್ತದೆ ಎಂಬ ಆಸೆ ಬೇಡ. ಹಳಿ ಬಹುತೇಕ ಒಳನಾಡಿನಲ್ಲಿ, ಗುಡ್ಡದ ಬದಿಗೆ ಸಾಗುತ್ತದೆ. ಕಾಣುವುದು ನದಿಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಕೊನೆಗೆ ಶರಾವತಿ. ಹೊನ್ನಾವರ ಬಿಟ್ಟ ಕೂಡಲೇ ಬರುವ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗಿಂತ ಉದ್ದ, ಇಡೀ ಕೊಂಕಣ ಮಾರ್ಗದಲ್ಲಿ ಅತಿ ಉದ್ದದ್ದು. ಚಕ್ರದ ಸದ್ದು ಬದಲಾಗುತ್ತದೆ, ಎರಡೂ ಕಿಟಕಿಯಲ್ಲಿ ನೀರು. ಬೇಸಿಗೆಯಲ್ಲಿ ಬತ್ತಿದ ತುಂಗಭದ್ರೆ ನೋಡಿ ಬೆಳೆದ ನಮಗೆ ಇಷ್ಟು ಅಗಲದ ನದಿ ಕಂಡರೆ ಮಾತು ನಿಲ್ಲುತ್ತದೆ.

ಇಳಿಯುವ ಜಾಗದ ಬಗ್ಗೆ ಒಂದು ಎಚ್ಚರ. ನಿಲ್ದಾಣದ ಹೆಸರು ಊರಿನದಾದರೂ ನಿಲ್ದಾಣ ಊರೊಳಗಿರುವುದಿಲ್ಲ. ಕಾರವಾರದ್ದು ಶಿರವಾಡದಲ್ಲಿದೆ, ಉಡುಪಿಯದು ಇಂದ್ರಾಳಿಯಲ್ಲಿ. ಗೋಕರ್ಣ ರೋಡ್‌ನಲ್ಲಿ ಇಳಿದು ಗೋಕರ್ಣಕ್ಕೆ ಆಟೋ ಹಿಡಿಯಬೇಕು. ಕೊಲ್ಲೂರಿಗೆ ಹೋಗುವವರು ಬೈಂದೂರಿನ ಮೂಕಾಂಬಿಕಾ ರೋಡ್‌ನಲ್ಲಿ ಇಳಿದು ಘಟ್ಟದ ಕಡೆ ಇನ್ನೂ ದೂರ ಸಾಗಬೇಕು. ರಾತ್ರಿ ತಡವಾಗಿ ಇಳಿಯುವುದಾದರೆ ಬರಮಾಡಿಕೊಳ್ಳುವವರಿಗೆ ಮೊದಲೇ ತಿಳಿಸಿ.

ಹುಬ್ಬಳ್ಳಿ–ಅಂಕೋಲಾ ಮಾರ್ಗ ಆಗಿದ್ದರೆ ಈ ಸುತ್ತೇ ಇರುತ್ತಿರಲಿಲ್ಲ. ಆ ಯೋಜನೆ ದಶಕಗಳಿಂದ ಕಾಡಿನ ಪ್ರಶ್ನೆಗೆ ಸಿಕ್ಕಿ ನಿಂತಿದೆ. ಆ ಕಾಡನ್ನು ಕಿಟಕಿಯಿಂದ ನೋಡಿದ ಮೇಲೆ, ನನ್ನ ಅರ್ಧ ದಿನ ಉಳಿಸಲು ಅದನ್ನು ಕಡಿಯಿರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೋಗುವಾಗ ಐದು ಕಿಲೋ ಸೋನಾ ಮಸೂರಿ ಒಯ್ಯುತ್ತೇನೆ, ಅಲ್ಲಿ ಕುಚ್ಚಲಕ್ಕಿ ಉಣ್ಣುವವರ ಮನೆಯಲ್ಲೂ ಮಗಳಿಗೆ ನಮ್ಮ ಅನ್ನ ಬೇಕು. ಬರುವಾಗ ಅದೇ ಚೀಲದಲ್ಲಿ ತೆಂಗಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ. ವಾಪಸು ಬರುವಾಗ ಸಾಧ್ಯವಾದರೆ ಹಿಂದಿನ ಬೋಗಿಯಲ್ಲಿ ಸೀಟು ಹಿಡಿಯಿರಿ. ಘಟ್ಟ ಹತ್ತಲು ಕುಲೆಂನಲ್ಲಿ ರೈಲಿನ ಹಿಂದೆ ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ಅದು ಬಂದು ತಗುಲಿದಾಗ ಬೋಗಿಗೆ ಮೆಲ್ಲನೆ ಒಂದು ಧಕ್ಕೆ ಬರುತ್ತದೆ. ಅವ್ವ ಅಷ್ಟು ಹೊತ್ತಿಗೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿರುತ್ತಾಳೆ.